ಸೂಜಿಯಕ್ಕನ ಕಪಾಟು

ನನ್ನ ಗಂಡ ಓಡುವ ಮನುಷ್ಯ. ಯಾರೂ ಅಟ್ಟಿಸಿಕೊಂಡು ಬರುತ್ತಿರುವುದಿಲ್ಲ, ಆದರೂ ಓಡುತ್ತಾರೆ. ವಾರದಲ್ಲಿ ಆರು ದಿನ ಸಿಟಿ ಬಸ್ಸು ಓಡಿಸುತ್ತಾರೆ, ಏಳನೆಯ ದಿನ ತಾವೇ ಓಡುತ್ತಾರೆ. ಮದುವೆಯಾದ ಹೊಸದರಲ್ಲಿ ಹತ್ತು ಕಿಲೋಮೀಟರ್ ಇತ್ತು. ಆಮೇಲೆ ನಲವತ್ತಾಯಿತು. ಈಗ ನೂರು. ಬೆಳಿಗ್ಗೆ ಐದಕ್ಕೆ ಹೊರಟು ಸಂಜೆ ಐದಕ್ಕೆ ಮುಗಿಸುತ್ತಾರೆ, ಮುಗಿಸಿದ ಮೇಲೆ ನೋಡಿದರೆ ಹೊರಟ ಜಾಗದಲ್ಲೇ ನಿಂತಿರುತ್ತಾರೆ. ಇದರಲ್ಲಿ ಏನು ಸುಖ ಅಂತ ಹತ್ತೊಂಬತ್ತು ವರ್ಷದಿಂದ ಕೇಳುತ್ತಿದ್ದೇನೆ. ನಗುತ್ತಾರೆ, ಅಷ್ಟೇ.

ಆದರೆ ನಾನು ಹೇಳಹೊರಟಿರುವುದು ಇವರ ವಿಷಯವಲ್ಲ, ಇವರ ಅಕ್ಕನ ವಿಷಯ. ಅತ್ತೆ ಇಲ್ಲದ ಮನೆಗೆ ಸೊಸೆಯಾಗಿ ಹೋಗುತ್ತಿದ್ದೀಯ, ನಿನ್ನಂಥ ಪುಣ್ಯವಂತೆ ಯಾರಿದ್ದಾರೆ ಅಂತ ನನ್ನ ಗೆಳತಿಯರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು. ಬಂದು ನೋಡಿದರೆ ಅತ್ತೆಯ ಜಾಗದಲ್ಲಿ ಅಕ್ಕ ಕೂತಿದ್ದರು. ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನೇಳು, ಇವರಿಗೆ ಆರು. ಅಂದಿನಿಂದ ತಲೆ ಬಾಚಿದ್ದು, ಸ್ಕೂಲಿಗೆ ಕಳಿಸಿದ್ದು, ಪಾಠ ಬರೆಯದಿದ್ದಾಗ ಬೆನ್ನಿಗೆ ಎರಡು ಕೊಟ್ಟಿದ್ದು ಎಲ್ಲ ಅವರೇ. ತಾವು ಮದುವೆಯಾಗಲಿಲ್ಲ. ಯಾಕೆ ಅಂತ ಒಮ್ಮೆ ಧೈರ್ಯ ಮಾಡಿ ಕೇಳಿದ್ದಕ್ಕೆ, "ಇವನೊಬ್ಬನನ್ನ ದೊಡ್ಡೋನು ಮಾಡೋದ್ರಲ್ಲೇ ಸುಸ್ತಾಯ್ತು ಕಣೇ" ಅಂದರು.

ಅಕ್ಕ ಕೆಲಸ ಮಾಡುವುದು ಒಂದು ದೊಡ್ಡ ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ. ಎರಡನೇ ಮಹಡಿ, ಉದ್ದನೆಯ ಕಾರಿಡಾರಿನ ಕೊನೆಯ ಬಾಗಿಲು. ಬೆಳಿಗ್ಗೆ ಏಳಕ್ಕೇ ಬೆಂಚುಗಳೆಲ್ಲ ಭರ್ತಿ. ಎಲ್ಲರದೂ ಖಾಲಿ ಹೊಟ್ಟೆ, ಹಾಗಾಗಿ ಎಲ್ಲರಿಗೂ ಸಿಟ್ಟು. ಒಳಗೆ ಹೋಗಿ ಅಕ್ಕನ ಮುಂದೆ ಕೂತರೆ ಅರ್ಧ ನಿಮಿಷದ ಕೆಲಸ. ಹಸುಗೂಸಾಗಲಿ, ಒಣಗಿ ಕಡ್ಡಿಯಾದ ಮುದುಕರಾಗಲಿ, ಅವರ ಬೆರಳಿಗೆ ನರ ಒಂದೇ ಸಲಕ್ಕೆ ಸಿಗುತ್ತದೆ. ಅದಕ್ಕೇ ಇಡೀ ಆಸ್ಪತ್ರೆಗೆ ಅವರು ಸೂಜಿಯಕ್ಕ. ಬೇರೆಯವರ ಹಾಗೆ "ಏನೂ ನೋಯಲ್ಲ, ಇರುವೆ ಕಚ್ಚಿದ ಹಾಗೆ" ಅಂತೆಲ್ಲ ಅವರು ಹೇಳುವುದಿಲ್ಲ. "ನೋಯುತ್ತೆ. ಮೂರು ಎಣಿಸಿ" ಅನ್ನುತ್ತಾರೆ. ಸುಳ್ಳು ಹೇಳಿ ಒಂದು ಸಲ ಚುಚ್ಚಬಹುದು, ಮುಂದಿನ ಸಲ ಆ ಕೈ ಮುಂದೆ ಬರುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ.

ಅವರ ಕೋಣೆಯ ಕಿಟಕಿ ಪಕ್ಕ ಒಂದು ಗಾಜಿನ ಕಪಾಟಿದೆ. ಔಷಧಿ ಇಡುವಂಥದ್ದೇ, ಆದರೆ ಅದರಲ್ಲಿರುವುದು ಕೆಟ್ಟುಹೋದ ರಕ್ತದ ಟ್ಯೂಬುಗಳು. ಯಾರ ಕೈಯಲ್ಲಿ ಟ್ಯೂಬು ಕೆಟ್ಟಿತೋ ಅವರು ಅದನ್ನು ಭದ್ರವಾಗಿ ಮುಚ್ಚಿ, ರೋಗಿಯ ಗುರುತು ಅಳಿಸಿ, ತಮ್ಮ ಕೈಯಾರೆ ಒಂದು ಚೀಟಿ ಬರೆದು ಅಂಟಿಸಿ ಅಲ್ಲಿಡಬೇಕು. ಏನು ಕೆಟ್ಟಿತು, ಕಾರಣ ಏನು, ಯಾರ ಕೈ. "ಹೆಪ್ಪುಗಟ್ಟಿದೆ. ಕಾರಣ: ಟ್ಯೂಬು ಮಗುಚಿ ಒಳಗಿನ ಔಷಧಿ ಬೆರೆಸಲು ಮರೆತೆ, ಫೋನ್ ಬಂದಿತ್ತು." ಕೆಳಗೆ ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ದಿನ ಸೂಜಿ ಮುಟ್ಟುವ ಹಾಗಿಲ್ಲ, ಕಪಾಟಿನ ಮುಂದೆ ನಿಂತು ಚೀಟಿಗಳನ್ನೆಲ್ಲ ಓದಬೇಕು. ಬೇರೆಯವರು ಜಾರಿದ ಜಾಗ ಗೊತ್ತಿದ್ದರೆ ನಾವು ಹುಷಾರಾಗಿ ಕಾಲಿಡುತ್ತೇವೆ ಅಂತ ಅಕ್ಕ. ಇಪ್ಪತ್ತಾರು ವರ್ಷದ ಕಪಾಟದು. ಅದರಲ್ಲಿ ಅಕ್ಕನ ಹೆಸರಿನ ಚೀಟಿ ಒಂದೂ ಇರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿಕೊಂಡು ತಿರುಗುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು.

ಇದು ಎಲ್ಲರಿಗೂ ಹಿಡಿಸುತ್ತಿತ್ತು ಅಂತಲ್ಲ. ಅಕ್ಕನ ಜೊತೆ ಹನ್ನೆರಡು ವರ್ಷದಿಂದ ಕೆಲಸ ಮಾಡುವ ಒಬ್ಬರಿದ್ದಾರೆ, ದಪ್ಪ ಕನ್ನಡಕದವರು. ಅವರ ಹೆಸರಿನ ಚೀಟಿಗಳು ನಾಲ್ಕು. ನಾಲ್ಕನೆಯದು ಅಂಟಿಸಿದ ಮೇಲೆ ಎರಡು ತಿಂಗಳು ಅಕ್ಕನ ಹತ್ತಿರ ಮಾತು ಬಿಟ್ಟಿದ್ದರು. ನಿಜ ಹೇಳಬೇಕೆಂದರೆ ನನಗೂ ಆ ಕಪಾಟು ಕಂಡರೆ ಅಷ್ಟಕ್ಕಷ್ಟೇ. ಅಂಥದ್ದೊಂದನ್ನು ನಮ್ಮ ಅಡುಗೆಮನೆಯಲ್ಲಿಟ್ಟರೆ ನನ್ನ ಚೀಟಿಗಳಿಗೇ ಒಂದು ಗೋಡೆ ಬೇಕಾದೀತು.

ಕಥೆ ಶುರುವಾದದ್ದು ಆ ವಿಭಾಗದ ಮುಖ್ಯಸ್ಥ ಡಾಕ್ಟರರಿಂದ. ನೂರು ಕಿಲೋಮೀಟರ್ ಓಡುವವರ ಮೆದುಳಿಗೆ ಏನಾದರೂ ಪೆಟ್ಟಾಗುತ್ತದೆಯೇ ಅಂತ ನೋಡುವ ಅಧ್ಯಯನ ಅವರದು. ಮೆದುಳಿನ ಜೀವಕೋಶಗಳ ಒಳಗೆ ಒಂದು ಪ್ರೋಟೀನು ಇರುತ್ತದಂತೆ. ಆ ಕೋಶಗಳಿಗೆ ಏಟಾದರೆ ಅದು ಸೋರಿ ರಕ್ತಕ್ಕೆ ಬರುತ್ತದೆ. ಓಟಕ್ಕೆ ಮುಂಚೆ ಒಮ್ಮೆ, ಮುಗಿದ ಕೂಡಲೇ ಒಮ್ಮೆ ರಕ್ತ ತೆಗೆದು ಅಳೆದರೆ ಎಷ್ಟು ಏರಿತು ಅಂತ ಗೊತ್ತಾಗುತ್ತದೆ. ನಲವತ್ತು ಜನ ಹೆಸರು ಕೊಟ್ಟರು. ಎರಡು ಓಟ, ನಡುವೆ ನಾಲ್ಕು ತಿಂಗಳು. ಓಡುವವರಿಗೆ ತಲೆಯೊಳಗೆ ಏನಾದರೂ ಇದೆಯೇ ಅಂತ ಇಷ್ಟು ವರ್ಷಕ್ಕೆ ಒಬ್ಬರು ವಿಚಾರಿಸಿದರಲ್ಲ ಅಂತ ನನಗೆ ಸಮಾಧಾನವಾಯಿತು. ಇವರಿಗೆ ಸಿಕ್ಕ ಸಂಖ್ಯೆ ಮೂವತ್ತೊಂದು.

ನೂರು ಕಿಲೋಮೀಟರ್ ಓಡುವ ಈ ಮಹಾಶಯರಿಗೆ ಸೂಜಿ ಕಂಡರೆ ಪ್ರಾಣ ಹೋಗುತ್ತದೆ. ಚಿಕ್ಕವರಿದ್ದಾಗ ಚುಚ್ಚುಮದ್ದಿಗೆ ಅಕ್ಕನೇ ಎತ್ತಿಕೊಂಡು ಹೋಗಿ, ಮುಖವನ್ನು ತಮ್ಮ ಹೆಗಲಿಗೆ ಒತ್ತಿ ಹಿಡಿಯಬೇಕಿತ್ತಂತೆ. ಸಂಬಂಧಿಕರ ರಕ್ತ ತಾವು ತೆಗೆಯಬಾರದು ಎನ್ನುವುದು ಅಕ್ಕನೇ ಮಾಡಿದ ನಿಯಮ. ಹಾಗಾಗಿ ಬೆಳಿಗ್ಗೆ ಓಟಕ್ಕೆ ಮುಂಚೆ ಕನ್ನಡಕದವರೇ ತೆಗೆದರು. ಇವರು ಹಲ್ಲು ಕಚ್ಚಿ ಸಹಿಸಿದರು.

ಸಂಜೆ, ಹನ್ನೆರಡು ತಾಸಿನ ಓಟ ಮುಗಿಸಿ ಬಂದಾಗ ಇವರ ಮೈಯಲ್ಲಿ ನೀರಿನ ಪಸೆ ಇರಲಿಲ್ಲ. ಗೆರೆ ದಾಟಿದ ಜಾಗದಲ್ಲೇ ಕಿತ್ತಳೆ ಬಣ್ಣದ ಟಾರ್ಪಾಲು ಕಟ್ಟಿ, ಕೆಳಗೆ ಮೇಜು ಹಾಕಿದ್ದರು. ಕನ್ನಡಕದವರು ರಬ್ಬರ್ ಪಟ್ಟಿ ಬಿಗಿದು ಬೆರಳಿಂದ ಎಷ್ಟು ತಟ್ಟಿದರೂ ನರ ಮೇಲೆ ಬರಲಿಲ್ಲ. ಒಂದು ಸಲ ಚುಚ್ಚಿದರು, ಸಿಗಲಿಲ್ಲ. ಇವರು ಪಕ್ಕದ ಮೇಜಿನ ಕಡೆ ತಿರುಗಿ "ಅಕ್ಕಾ..." ಅಂದರು. ನಲವತ್ತೈದು ವರ್ಷದ ಗಂಡಸು, ಆರು ವರ್ಷದ ಹುಡುಗನ ದನಿಯಲ್ಲಿ. ನಾನು ನೀರಿನ ಬಾಟಲಿ ಹಿಡಿದು ಅಲ್ಲೇ ನಿಂತಿದ್ದೆ.

ಅಕ್ಕ ಎದ್ದು ಬಂದರು. "ಕೊಡಮ್ಮಾ ಇಲ್ಲಿ" ಅಂತ ಕನ್ನಡಕದವರನ್ನು ಆಚೆ ಸರಿಸಿ, ಕೂಸುಗಳಿಗೆ ಹಾಕುವ ಕೂದಲಿನಂಥ ಸೂಜಿ ತೆಗೆದರು. ಸಿರಿಂಜಿನಿಂದ ಎಳೆದು, ಟ್ಯೂಬಿಗೆ ತುಂಬಿಸಿದರು. ಇವರು ಕಣ್ಣು ಬಿಡುವುದರೊಳಗೆ ಮುಗಿದಿತ್ತು. "ಆಯ್ತಾ? ಗೊತ್ತೇ ಆಗ್ಲಿಲ್ಲ!" ಅಂದರು ಇವರು. ಅಕ್ಕ ತಮ್ಮನ ತಲೆಯ ಬೆವರು ಒರೆಸಿ ಮುಂದಿನವರನ್ನು ಕರೆದರು. ಎಂಥ ಕೈ ಅಂತ ನಾನೂ ಮನಸ್ಸಿನಲ್ಲೇ ಕೈ ಮುಗಿದೆ.

ಆರು ವಾರ ಕಳೆದು ಕಾಗದ ಬಂತು. ಸಂಖ್ಯೆ ಮೂವತ್ತೊಂದರ ರಕ್ತದಲ್ಲಿ ಆ ಪ್ರೋಟೀನು ಉಳಿದವರಿಗಿಂತ ನಾಲ್ಕು ಪಟ್ಟು ಏರಿದೆ, ಮೆದುಳಿಗೆ ಪೆಟ್ಟಾಗಿರುವ ಸಾಧ್ಯತೆ ಇದೆ, ನರರೋಗ ತಜ್ಞರನ್ನು ಕಾಣಿರಿ ಅಂತ. ನಾನು ಅಲ್ಲೇ ಕುರ್ಚಿ ಎಳೆದು ಕೂತೆ. ಇವರು ಮಾತ್ರ ಕಾಗದ ಮಡಿಚಿ ಅಂಗಿಗಳ ಕೆಳಗಿಟ್ಟು, "ಅಕ್ಕಂಗೆ ಹೇಳ್ಬೇಡ, ಸುಮ್ನೆ ಗಾಬರಿಯಾಗ್ತಾರೆ" ಅಂದರು. ಮರುದಿನ ಎಂದಿನಂತೆ ಬೂಟು ಕಟ್ಟಿಕೊಂಡು ಓಡಲು ಹೊರಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಗ ನಾನೊಂದು ಜಾಣತನ ಮಾಡಿದೆ. ಆ ಕಾಗದ ತೆಗೆದುಕೊಂಡು ನೇರ ಬಸ್ ಡಿಪೋಗೆ ಹೋಗಿ, ಚಾಲಕರ ಆರೋಗ್ಯ ನೋಡುವ ಡಾಕ್ಟರರ ಮೇಜಿನ ಮೇಲಿಟ್ಟೆ. "ನನ್ನ ಮಾತು ಕೇಳಲ್ಲ ಸಾರ್, ನೀವಾದ್ರೂ ಬೈದು ಓಡೋದು ಬಿಡಿಸಿ" ಅಂದೆ. ಡಾಕ್ಟರರು ಕಾಗದವನ್ನು ಎರಡು ಸಲ ಓದಿದರು. ಬೈಯಲಿಲ್ಲ. ಮಾರನೆಯ ದಿನದಿಂದ ಸ್ಟೀರಿಂಗನ್ನೇ ಬಿಡಿಸಿದರು. ಅವರದು ತಪ್ಪಲ್ಲ. ಅರವತ್ತು ಜನರನ್ನು ಕೂರಿಸಿಕೊಂಡು ಹೋಗುವವನ ತಲೆಯ ಬಗ್ಗೆ ಅಂಥ ಕಾಗದ ಸಿಕ್ಕರೆ ಯಾರು ತಾನೇ ಸುಮ್ಮನಿದ್ದಾರು? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ನನ್ನ ಕಥೆ.

ಇವರನ್ನು ಡಿಪೋದ ಹಿಂಭಾಗದಲ್ಲಿ, ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಒಂದು ದಿನ ಬುತ್ತಿ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಗೋಡೆ ತುಂಬ ಛತ್ರಿಗಳು, ಮೇಜಿನ ಮೇಲೆ ಒಂಟಿ ಕೈಗವಸುಗಳು, ಯಾರದೋ ಹಲ್ಲಿನ ಸೆಟ್ಟು. ನಡುವೆ ಇವರು ಸುಮ್ಮನೆ ಕೂತಿದ್ದರು. ನನ್ನನ್ನು ನೋಡಿ, "ಬಂದ್ಯಾ? ನನ್ನನ್ನ ಬಿಡಿಸ್ಕೊಂಡು ಹೋಗೋಕೆ ಗುರುತಿನ ಚೀಟಿ ತಂದಿದ್ದೀಯಾ?" ಅಂತ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಕಾಗದ ಡಿಪೋಗೆ ಕೊಟ್ಟವಳು ನಾನೇ ಅಂತ ಇವರಿಗೆ ಗೊತ್ತಿತ್ತು, ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಓಡುವುದನ್ನೂ ಬಿಟ್ಟಿದ್ದರು. ನಾನು ಹತ್ತೊಂಬತ್ತು ವರ್ಷ ಬೇಡಿಕೊಂಡದ್ದು ಸಿಕ್ಕಿತ್ತು, ಆದರೆ ಬಾಗಿಲ ಬಳಿ ಬೂಟಿನ ಮೇಲೆ ಧೂಳು ಕೂತದ್ದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ನರರೋಗ ತಜ್ಞರು ಸ್ಕ್ಯಾನ್ ಮಾಡಿಸಿ ಏನೂ ಇಲ್ಲ ಅಂದರು. ಡಿಪೋ ಡಾಕ್ಟರರು ಒಪ್ಪಲಿಲ್ಲ. "ಸ್ಕ್ಯಾನ್ ಚೆನ್ನಾಗಿದೆ, ಸರಿ. ಆದ್ರೆ ಈ ಸಂಖ್ಯೆ ಹಿಂಗ್ಯಾಕೆ ಬಂತು? ಇದಕ್ಕೆ ಉತ್ತರ ಸಿಗೋವರೆಗೂ ನಾನು ಸಹಿ ಹಾಕಲ್ಲ" ಅಂದುಬಿಟ್ಟರು. ಉತ್ತರ ಸಿಗದಿದ್ದರೆ ನಿವೃತ್ತಿಯವರೆಗೂ ಛತ್ರಿಗಳ ನಡುವೆಯೇ.

ಆಗಲೇ ಬೇರೆ ಮನೆ ಮಾಡಿಕೊಂಡಿದ್ದ ಅಕ್ಕ ಒಂದು ಭಾನುವಾರ ನಮ್ಮಲ್ಲಿಗೆ ಬಂದರು. ಇವರು ಹೊರಗೆ ಹೋಗಿದ್ದರು. ತಮ್ಮ ಯಾಕೆ ಮಂಕಾಗಿದ್ದಾನೆ ಅಂತ ಕೇಳಿದ್ದೇ ತಡ, ನಾನು ಅಳುತ್ತಾ ಎಲ್ಲವನ್ನೂ ಹೇಳಿ ಕಾಗದವನ್ನು ಕೈಗಿಟ್ಟೆ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ. ಅಕ್ಕ ಓದಿದರು. ಪರೀಕ್ಷೆಯ ಫಲಿತಾಂಶವೆಲ್ಲ ನೇರ ಡಾಕ್ಟರರಿಗೆ ಹೋಗುತ್ತಿದ್ದರಿಂದ ಅವರಿಗೆ ಆವರೆಗೆ ಏನೂ ಗೊತ್ತಿರಲಿಲ್ಲ. ಸಂಖ್ಯೆಯ ಮೇಲೆ ಬೆರಳಿಟ್ಟರು. "ಮೂವತ್ತೊಂದು. ಅದು ನಾನು ತೆಗೆದ ಟ್ಯೂಬು" ಅಂದರು. ಚಹಾ ಹಾಗೇ ಬಿಟ್ಟು ಎದ್ದರು. ನಾನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದೆ.

ಭಾನುವಾರದ ಖಾಲಿ ಕಾರಿಡಾರು. ಅಕ್ಕ ಫ್ರೀಜರು ತೆಗೆದು, ಮಂಜು ಹಿಡಿದ ಪೆಟ್ಟಿಗೆಗಳಲ್ಲಿ ಹುಡುಕಿ, ಮೂವತ್ತೊಂದರ ಉಳಿಕೆಯ ಸಣ್ಣ ಟ್ಯೂಬನ್ನು ತೆಗೆದರು. ಬಿಚ್ಚಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರು. ಪಕ್ಕದಲ್ಲೇ ಮೂವತ್ತರದ್ದನ್ನೂ ಹಿಡಿದರು. ರಕ್ತವನ್ನು ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ಕೆಳಗಿಳಿದು ಮೇಲೆ ನಿಲ್ಲುವ ತಿಳಿನೀರು ಅದು. ತೆಳು ಹಳದಿ ಇರಬೇಕು. ಮೂವತ್ತರದ್ದು ಹಾಗೇ ಇತ್ತು. ಇವರದು ಗುಲಾಬಿ.

"ನೋಡಿದ್ಯಾ? ಇದು ಮೆದುಳಿಂದ ಬಂದಿದ್ದಲ್ಲ. ನನ್ನ ಕೈಯಿಂದ ಬಂದಿದ್ದು" ಅಂದರು ಅಕ್ಕ.

ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಅದೇ ಪ್ರೋಟೀನು ರಕ್ತದ ಕೆಂಪು ಕಣಗಳ ಒಳಗೂ ಇರುತ್ತದೆ. ಕಣ ಒಡೆದರೆ ಅದೂ ಸೋರುತ್ತದೆ. "ತುಂಬಿದ ಬಸ್ಸಿನ ಜನರನ್ನೆಲ್ಲ ಅರ್ಧ ತೆರೆದ ಬಾಗಿಲಿಂದ ಒಂದೇ ಸಲ ನೂಕಿದ್ರೆ ಅಂಗಿ ಹರಿಯಲ್ವಾ? ಹಂಗೇ ಇದೂ. ಕೂಸಿನ ಸೂಜೀಲಿ ಜೋರಾಗಿ ಎಳೆದೆ. ಸಿರಿಂಜಿಂದ ಟ್ಯೂಬಿಗೆ ಒತ್ತಿ ತುಂಬಿದೆ. ಹಾಗೆ ಮಾಡಬಾರ್ದು ಅಂತ ಇಪ್ಪತ್ತಾರು ವರ್ಷದಿಂದ ಎಲ್ರಿಗೂ ಹೇಳ್ಕೊಡ್ತಿದ್ದೀನಿ." ಅಷ್ಟು ದೂರ ಓಡಿದರೆ ಅಂಗಾಲು ನೆಲಕ್ಕೆ ಬಡಿದೂ ಕೆಲವು ಕಣ ಒಡೆಯುತ್ತವಂತೆ, ಆದರೆ ಇಷ್ಟೊಂದು ಅಲ್ಲ. ಮತ್ತೆ ಆ ದಿನವೇ ಯಾಕೆ ಕಾಣಲಿಲ್ಲ? ಅಲ್ಲೇ ಯಂತ್ರದಲ್ಲಿ ತಿರುಗಿಸಿದ ಮೇಲೂ ಕಿತ್ತಳೆ ಟಾರ್ಪಾಲಿನ ಕೆಳಗೆ ಎಲ್ಲರ ಟ್ಯೂಬುಗಳೂ ಮೇಲಿಂದ ಕೆಳಗೆ ಕೆಂಪಗೇ ಕಂಡಿದ್ದವು. ಅಲ್ಲಿಂದಲೇ ಐಸ್ ಪೆಟ್ಟಿಗೆಗೆ ಹೋದವು.

ನಾನು ಅಕ್ಕನನ್ನು ತಬ್ಬಿಕೊಂಡೆ. ನನಗೆ ಬಂದದ್ದು ಬರೀ ಸಂತೋಷ. ಅಕ್ಕ ಮಾತ್ರ ಆ ಟ್ಯೂಬನ್ನು ಕೈಯಿಂದ ಬಿಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಮುಖ್ಯಸ್ಥರ ಮುಂದೆ ನಿಂತು ಹೇಳಿದರು. ನಾನು ಬಾಗಿಲ ಹೊರಗೆ ಬೆಂಚಿನ ಮೇಲಿದ್ದೆ, ಎಲ್ಲ ಕೇಳಿಸುತ್ತಿತ್ತು. ಡಾಕ್ಟರರು ಮೊದಲು ನಂಬಲಿಲ್ಲ. ಆಮೇಲೆ ಮೆತ್ತಗೆ ಅಂದರು, "ನೋಡಿ, ಅವರು ನಿಮ್ಮ ತಮ್ಮ. ತಮ್ಮನ್ನ ಉಳಿಸೋಕೆ ಹೇಳ್ತಿದ್ದೀರಿ ಅಂತ ನಾಳೆ ಯಾರಾದ್ರೂ ಅಂದ್ರೆ?"

"ಅದಕ್ಕೇ ನನ್ನ ಮಾತು ನಂಬಬೇಡಿ ಸಾರ್. ಟ್ಯೂಬನ್ನ ನಂಬಿ. ಒಡೆದ ಕಣ ಅಳೆಯೋ ಯಂತ್ರ ಇದೆಯಲ್ಲ, ಅದಕ್ಕೆ ಹಾಕಿ. ನಾನು ಮುಟ್ಟಲ್ಲ, ಬೇರೆಯವರ ಕೈಲಿ ಮಾಡಿಸಿ."

ಮಾಡಿಸಿದರು. ಉಳಿದ ಮೂವತ್ತೊಂಬತ್ತು ಟ್ಯೂಬುಗಳಲ್ಲಿ ಇಲ್ಲದಷ್ಟು ಒಡೆದ ಕಣ ಇವರದರಲ್ಲಿತ್ತು. ಡಾಕ್ಟರರು ಒಳ್ಳೆಯವರೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಒಂದು ದಾರಿ ತೋರಿಸಿದರು. "ಮಾದರಿ ಸಾಲಲಿಲ್ಲ ಅಂತ ಬರೆದು ಆ ಸಂಖ್ಯೆ ತೆಗೆದುಹಾಕ್ತೀನಿ. ನಿಮ್ಮ ಹೆಸರು ಬೇಡ. ಇಷ್ಟು ವರ್ಷದ ಸೇವೆ ನಿಮ್ಮದು."

"ಸಾಲಲಿಲ್ಲ ಅನ್ನೋದು ಸುಳ್ಳು. ಸಾಕಷ್ಟಿತ್ತು, ಕೆಡಿಸಿದ್ದು ನಾನು. ಮೂರು ತಪ್ಪು ಮಾಡಿದ್ದೀನಿ, ಮೂರನ್ನೂ ಬರೀರಿ. ಸಂಬಂಧಿಕರ ರಕ್ತ ತೆಗೆದೆ. ಕೂಸಿನ ಸೂಜಿ ಹಾಕಿದೆ. ಸಿರಿಂಜಿಂದ ಒತ್ತಿದೆ." ಅಷ್ಟಕ್ಕೇ ಬಿಡಲಿಲ್ಲ, ಮುಂದುವರಿಸಿದರು, "ಇನ್ನೊಂದು. ಆ ಸಂಖ್ಯೆ ತಪ್ಪು ಅಂದ್ರೆ ಅವನ ತಲೆ ಸರಿ ಇದೆ ಅಂತಲ್ಲ. ನಮಗೆ ಗೊತ್ತಿಲ್ಲ ಅಂತ ಅಷ್ಟೇ. ಎರಡನೇ ಓಟದಲ್ಲಿ ಅವನ ರಕ್ತ ಮತ್ತೆ ನೋಡ್ಬೇಕು."

ಬೆಂಚಿನ ಮೇಲೆ ಕೂತಿದ್ದ ನನಗೆ ಎದ್ದು ಹೋಗಿ ಅವರ ಬಾಯಿ ಮುಚ್ಚಬೇಕೆನ್ನಿಸಿತು. ಗೆದ್ದ ಆಟವನ್ನು ಮತ್ತೆ ಆಡುತ್ತೇನೆ ಅನ್ನುವವರನ್ನು ಎಲ್ಲಾದರೂ ಕಂಡಿದ್ದೀರಾ? ಎರಡನೇ ಸಲವೂ ಸಂಖ್ಯೆ ಏರಿದರೆ? ಅಕ್ಕನಿಗೂ ಆ ಭಯ ಇತ್ತು. ಮನೆಗೆ ನಡೆದು ಬರುವಾಗ ನನ್ನ ಕೈ ಹಿಡಿದುಕೊಂಡೇ ಬಂದರು. "ಏರಿದ್ರೆ ಏರ್ಲಿ ಕಣೇ, ಗೊತ್ತಾಗ್ಲಿ. ಅವನ ಹಿಂದೆ ಅರವತ್ತು ಜನ ಕೂತಿರ್ತಾರೆ" ಅಂದರು. ಅವರ ಮೇಲೆ ನನಗಿದ್ದ ಹತ್ತೊಂಬತ್ತು ವರ್ಷದ ಸಣ್ಣಪುಟ್ಟ ಸಿಟ್ಟೆಲ್ಲ ಆ ರಸ್ತೆಯಲ್ಲೇ ಬಿದ್ದುಹೋಯಿತು.

ಅಕ್ಕನನ್ನು ಅಧ್ಯಯನದಿಂದ ಕೈಬಿಟ್ಟರು. ಅದನ್ನೂ ಅವರೇ ಕೇಳಿಕೊಂಡಿದ್ದರು. ನರರೋಗ ತಜ್ಞರು ಓಡಲು ಅಪ್ಪಣೆ ಕೊಟ್ಟರು. ಡಿಪೋ ಡಾಕ್ಟರರು ಎರಡನೇ ಫಲಿತಾಂಶ ನೋಡಿಯೇ ತೀರ್ಮಾನ ಅಂದರು. ಬೂಟಿನ ಧೂಳು ಒರೆಸಿದವಳು ನಾನು. ನನ್ನ ಜೀವನದಲ್ಲಿ ಅಂಥ ದಿನ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ಅವರ ತಲೆಯನ್ನೇ ಸ್ಕ್ಯಾನ್ ಮಾಡಿಸುತ್ತಿದ್ದೆ.

ಎರಡನೇ ಓಟದ ಸಂಜೆ. ಈ ಸಲ ಟಾರ್ಪಾಲು ಬಿಳಿಯದು. ಅಕ್ಕ ಮೂರು ಅಂಗಡಿ ಸುತ್ತಿ ತಂದುಕೊಟ್ಟಿದ್ದರು. ತಾವು ಮಾತ್ರ ಹಗ್ಗದ ಆಚೆ, ಓಟ ನೋಡಲು ಬಂದ ಜನರ ನಡುವೆ ನಿಂತಿದ್ದರು. ಇವರು ಓಡಿ ಬಂದು ಕುರ್ಚಿಗೆ ಬಿದ್ದರು. ಕನ್ನಡಕದವರು ಮೊದಲು ಎರಡು ಲೋಟ ನೀರು ಕುಡಿಸಿ, ಕೈಗೆ ಬಿಸಿ ಬಟ್ಟೆ ಸುತ್ತಿ, ಹತ್ತು ನಿಮಿಷ ಕಾದರು. ಆಮೇಲೆ ದೊಡ್ಡವರ ಸೂಜಿ ತೆಗೆದರು. ಇವರು ಹಗ್ಗದ ಕಡೆ ನೋಡಿ, "ಅಕ್ಕಾ..." ಅಂದರು.

ಅಕ್ಕ ಅಲ್ಲಿಂದಲೇ ಕೂಗಿದರು, "ನೋಯುತ್ತೆ ಕಣೋ! ಮೂರು ಎಣಿಸು!"

ಇವರು ಎರಡಕ್ಕೇ ಚೀರಿದರು. ಅಕ್ಕ ಆಚೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅರ್ಧ ಗಂಟೆಯ ಮೇಲೆ ರಕ್ತ ತಿರುಗಿಸುವ ಯಂತ್ರ ನಿಂತಾಗ ಕನ್ನಡಕದವರು ಟ್ಯೂಬನ್ನು ಎತ್ತಿ, ಅಕ್ಕನಿಗೆ ಕಾಣುವ ಹಾಗೆ ಹಗ್ಗದ ಕಡೆ ತಿರುಗಿಸಿ ಹಿಡಿದರು. ತೆಳು ಹಳದಿ. ಕೆಟ್ಟಿಲ್ಲ. ಇನ್ನು ಬರುವ ಸಂಖ್ಯೆ ಏನೇ ಇರಲಿ, ಅದು ನಿಜದ ಸಂಖ್ಯೆ.

ಎಂಟು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಡಾಕ್ಟರರು ಇವರದನ್ನು ಮೊದಲೇ ಪರೀಕ್ಷೆಗೆ ಹಾಕಿಸಿದ್ದರು, ಒಂಬತ್ತನೆಯ ದಿನವೇ ಕಾಗದ ಬಂತು. ಎಲ್ಲ ಓಟಗಾರರಿಗೆ ಏರಿದಷ್ಟೇ ಇವರಿಗೂ ಸ್ವಲ್ಪ ಏರಿತ್ತು, ಈ ಸಲ ಮರುದಿನವೂ ತೆಗೆದಿದ್ದ ರಕ್ತದಲ್ಲಿ ಅದು ಇಳಿದಿತ್ತು. ಡಿಪೋ ಡಾಕ್ಟರರು ಸಹಿ ಹಾಕಿದರು. ಇವರು ಛತ್ರಿಗಳ ಕೋಣೆಯ ಬೀಗದ ಕೈ ಒಪ್ಪಿಸಿ ತಮ್ಮ ಬಸ್ಸು ಹತ್ತಿದರು.

ಕಳೆದ ವಾರ ನನಗೇ ಸಕ್ಕರೆ ಪರೀಕ್ಷೆ ಮಾಡಿಸಬೇಕಿತ್ತು. ಅಕ್ಕನ ಕೋಣೆಗೆ ಹೋದೆ. ಅಕ್ಕ ಕೈ ತೊಳೆಯುತ್ತಿದ್ದರು. ಕಿಟಕಿ ಪಕ್ಕದ ಕಪಾಟಿನ ಮೇಲೆ ಕಣ್ಣು ಬಿತ್ತು. ಮೇಲಿನ ಸಾಲಿನ ನಡುವೆ, ಒಳಗೆ ಬಂದ ಯಾರಿಗಾದರೂ ಮೊದಲು ಕಾಣುವ ಜಾಗದಲ್ಲಿ, ಗುಲಾಬಿ ಬಣ್ಣದ ಒಂದು ಸಣ್ಣ ಟ್ಯೂಬು. ಚೀಟಿಯಲ್ಲಿ ಅಕ್ಕನ ದುಂಡು ಅಕ್ಷರ.

"ಕಣಗಳು ಒಡೆದಿವೆ. ಕಾರಣ: ತಮ್ಮನಿಗೆ ನೋಯಬಾರದು ಅಂತ." ಕೆಳಗೆ ಅವರ ಹೆಸರು.

"ಹಾಕಲೇಬೇಕಿತ್ತಾ ಅಕ್ಕಾ?" ಅಂತ ಕೇಳಿದೆ.

"ಇನ್ನೊಬ್ರು ಇದೇ ತಪ್ಪು ಮಾಡ್ತಾರೆ. ಅವರಿಗೂ ತಮ್ಮ, ಮಗ ಅಂತ ಯಾರಾದ್ರೂ ಇದ್ದೇ ಇರ್ತಾರಲ್ಲ" ಅಂದರು. ಪಟ್ಟಿ ಬಿಗಿದು, ದೊಡ್ಡವರ ಸೂಜಿ ತೆಗೆಯಲು ಹೋದವರು ತಟ್ಟನೆ ಕೈ ಹಿಂದೆಗೆದರು. ಸಂಬಂಧಿಕರು. ಬಾಗಿಲ ಕಡೆ ತಿರುಗಿ ಕನ್ನಡಕದವರನ್ನು ಕರೆದರು. ತಾವು ನನ್ನ ಪಕ್ಕ ಬಂದು ನಿಂತು, ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿ ಹಿಡಿದರು.

"ನೋಯುತ್ತೆ" ಅಂದರು.

"ನೋಯ್ಲಿ ಬಿಡಿ" ಅಂದೆ.